ಟಾರ್ಚಿನ ಎಲ್‌ಇಡಿ ಗುಮ್ಮಟ ತೆಗೆದರೆ ಬೆಳಕು ದೂರ ಹೋಗುವುದು ಹೇಗೆ?

ಟಾರ್ಚ್ ಮಾರ್ಪಾಡು ಕಲಿಯಲು ಹೊರಟವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ಲುಮೆನ್ ಜಾಸ್ತಿಯಾದ ಮಾತ್ರಕ್ಕೆ ಬೆಳಕು ದೂರ ಹೋಗುವುದಿಲ್ಲ. ಲುಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ತೀವ್ರ ಎಂದು ಹೇಳುವುದು ಕ್ಯಾಂಡೆಲಾ. ದೂರಕ್ಕೆ ಬೇಕಾದದ್ದು ಇದೇ.

ಟಾರ್ಚುಗಳನ್ನು ಅಳೆಯುವ ಎಫ್‌ಎಲ್ 1 ಮಾನದಂಡದಲ್ಲಿ, ಬೆಳಕು 0.25 ಲಕ್ಸ್‌ಗೆ (ಲಕ್ಸ್ ಎಂದರೆ ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳ ಮಟ್ಟಕ್ಕೆ ಇಳಿಯುವ ಜಾಗದವರೆಗೆ ಟಾರ್ಚಿನ ದೂರ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಅದು 400 ಮೀಟರ್ ಆಗಬೇಕಾದರೆ 40,000 ಕ್ಯಾಂಡೆಲಾ ಬೇಕು!

ಕ್ಯಾಂಡೆಲಾ ಹೆಚ್ಚಿಸಲು ರಿಫ್ಲೆಕ್ಟರ್, ಅಂದರೆ ಎಲ್‌ಇಡಿ ಸುತ್ತಲಿನ ಬಟ್ಟಲಿನಂಥ ಕನ್ನಡಿ, ದೊಡ್ಡದು ಮಾಡಬಹುದು. ಆದರೆ ಟಾರ್ಚಿನ ತಲೆ ಇದ್ದಷ್ಟೇ ಇರುತ್ತದೆ, ಅಲ್ವಾ? ಹಾಗಾಗಿ ಉಳಿದದ್ದು ಎಲ್‌ಇಡಿ ಮೇಲ್ಮೈಯ ಪ್ರತಿ ಚದರ ಮಿಲಿಮೀಟರಿನ ಹೊಳಪು ಹೆಚ್ಚಿಸುವುದು. ಗುಮ್ಮಟದ ಕಥೆ ಇಲ್ಲಿ ಶುರುವಾಗುತ್ತದೆ.

ಕ್ರೀ ಕಂಪನಿಯ ಎಕ್ಸ್‌ಪಿ-ಜಿ2 ಎಲ್‌ಇಡಿಯನ್ನು ಹತ್ತಿರದಿಂದ ನೋಡಿ. 3.45 ಮಿಲಿಮೀಟರ್ ಚೌಕದ ಮೇಲೆ ಪಾರದರ್ಶಕ ಸಿಲಿಕೋನ್ ಗುಮ್ಮಟ, ಅದರೊಳಗೆ ಹಳದಿ ಚಿಪ್. ಒಳಗಿನ ಬೆಳಕು ಸಲೀಸಾಗಿ ಹೊರಬರಲಿ ಎಂದೇ ಗುಮ್ಮಟ ಇಟ್ಟಿದ್ದಾರೆ. ಆದರೆ ಅದು ಭೂತಗನ್ನಡಿಯ ಹಾಗೆ ಚಿಪ್ಪನ್ನು ದೊಡ್ಡದಾಗಿಯೂ ತೋರಿಸುತ್ತದೆ. ಸಿಲಿಕೋನಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) 1.5 ಎಂದು ಹಿಡಿದರೆ ಚಿಪ್ಪಿನ ಅಳತೆ ಒಂದೂವರೆ ಪಟ್ಟು, ವಿಸ್ತೀರ್ಣ 2.25 ಪಟ್ಟು ಕಾಣುತ್ತದೆ. ಅದೇ ಬೆಳಕು ಅಷ್ಟು ದೊಡ್ಡ ಜಾಗಕ್ಕೆ ಹರಡುತ್ತದೆ.

ಗುಮ್ಮಟ ತೆಗೆದರೆ ಐದನೇ ಒಂದು ಭಾಗ ಲುಮೆನ್ ಹೋಯಿತು ಎಂದುಕೊಳ್ಳಿ. 0.8 ಗುಣಿಸು 2.25 ಎಂದರೆ ಹೊಳಪು 1.8 ಪಟ್ಟು. ನಮ್ಮ 10,000 ಕ್ಯಾಂಡೆಲಾ 18,000 ಆಗಿ, 200 ಮೀಟರ್ ಸುಮಾರು 268 ಮೀಟರ್ ಆಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ಕೈಯಲ್ಲಿ ಸಿಗುವುದು ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಒಟ್ಟು ಬೆಳಕು ಕಳೆದುಕೊಂಡು ದೂರ ಗಳಿಸುವುದು ನನಗೆ ಈ ವಿಷಯದ ಅತ್ಯಂತ ಸೊಗಸಾದ ಭಾಗ.

ಬಣ್ಣವೂ ಬದಲಾಗುತ್ತದೆ. ಚಿಪ್ ಕೊಡುವುದು ನೀಲಿ ಬೆಳಕು, ಮೇಲಿನ ಫಾಸ್ಫರ್ ಅದರಲ್ಲಿ ಒಂದಷ್ಟನ್ನು ಹಳದಿ ಮಾಡುತ್ತದೆ. ಗುಮ್ಮಟ ಇಲ್ಲದಾಗ ಹೆಚ್ಚು ನೀಲಿ ಒಳಗೇ ತಿರುಗಿ ಬಂದು ಫಾಸ್ಫರಿಗೆ ಸಿಗುತ್ತದೆ. ಆದ್ದರಿಂದ ತಂಪು ಬಿಳಿ (ನೀಲಿ ಛಾಯೆಯ ಬಿಳಿ) ಬೆಳಕು ಹಳದಿಯ ಕಡೆಗೆ ವಾಲುತ್ತದೆ, ಕೆಲವೊಮ್ಮೆ ಸ್ವಲ್ಪ ಹಸಿರೂ ಸೇರುತ್ತದೆ. ಶುರುವಿಗೇ ತಂಪು ಬಿಳಿ ಎಲ್‌ಇಡಿ ಆರಿಸಿಕೊಂಡರೆ ಒಳ್ಳೆಯದು.

ಗುಮ್ಮಟ ತೆಗೆಯಲು ಕೆಲವರು ಪೆಟ್ರೋಲಿನಲ್ಲಿ ನೆನೆಸುತ್ತಾರೆ. ಸಿಲಿಕೋನ್ ಉಬ್ಬಿ ಸಡಿಲವಾಗುತ್ತದೆ. ಬೆಂಕಿಯ ಅಪಾಯ ನೋಡಿದರೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಹೊಸಬರಿಗೆ ಹರಿತ ಬ್ಲೇಡಿನಿಂದ ಗುಮ್ಮಟದ ಮೇಲ್ಭಾಗ ಮಾತ್ರ ಕತ್ತರಿಸುವುದು ವಾಸಿ. ಗಳಿಕೆ ಕಡಿಮೆ, ಆದರೆ ಬಣ್ಣ ಅಷ್ಟು ಕೆಡುವುದಿಲ್ಲ. ಚಿಪ್ಪಿನ ಅಂಚಿನಲ್ಲಿ ಕೂದಲಿಗಿಂತ ತೆಳುವಾದ ತಂತಿಗಳು ಸಿಲಿಕೋನಿನೊಳಗೇ ಹೂತಿರುತ್ತವೆ. ಒಂದು ಕಿತ್ತರೂ ಎಲ್‌ಇಡಿ ಕೆಡಬಹುದು.

ಇನ್ನು ಶಾಖ. ಎಲ್‌ಇಡಿ ಕೂರುವ ಸಾಮಾನ್ಯ ಅಲ್ಯೂಮಿನಿಯಂ ಬೋರ್ಡಿನಲ್ಲಿ ಎಲ್‌ಇಡಿಗೂ ಲೋಹಕ್ಕೂ ನಡುವೆ ವಿದ್ಯುತ್ ತಡೆಯುವ ಪದರ ಇರುತ್ತದೆ. ಅದು ಶಾಖವನ್ನೂ ತಡೆಯುತ್ತದೆ. ಎಕ್ಸ್‌ಪಿ-ಜಿ2ರ ತಳದಲ್ಲಿ ನಡುವಿನ ಪ್ಯಾಡಿಗೆ (ಬೆಸುಗೆ ಹಾಕುವ ಲೋಹದ ಪಟ್ಟಿಗೆ) ವಿದ್ಯುತ್ ಸಂಪರ್ಕ ಇಲ್ಲ. ಹಾಗಾಗಿ ಆ ಪ್ಯಾಡಿನ ಕೆಳಗೆ ಪದರವೇ ಇಲ್ಲದ ತಾಮ್ರದ ಬೋರ್ಡಿಗೆ ನೇರವಾಗಿ ಬೆಸುಗೆ ಹಾಕಬಹುದು. 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ 63/37 (ತವರ-ಸೀಸದ) ಸೋಲ್ಡರ್ ಪೇಸ್ಟ್ ತೆಳುವಾಗಿ ಹಚ್ಚಿ, ಮೇಲೆ ಎಲ್‌ಇಡಿ ಇಟ್ಟು, ಬೋರ್ಡನ್ನು ಕೆಳಗಿನಿಂದ ಬಿಸಿ ಮಾಡಿ. ಪೇಸ್ಟ್ ಹೊಳೆದ ಕ್ಷಣ ಎಲ್‌ಇಡಿ ತಾನೇ ಸರಿದು ನೆಟ್ಟಗೆ ಕೂರುತ್ತದೆ. ನನ್ನ ಮಟ್ಟಿಗೆ, ಕರೆಂಟ್ ಹೆಚ್ಚಿಸುವ ಮುಂಚೆ ಮಾಡಲೇಬೇಕಾದ ಕೆಲಸ ಇದು.

ಕೆಲಸದ ಮುಂಚೆ ಮತ್ತು ಆಮೇಲೆ, ಗೋಡೆಯಿಂದ 5 ಮೀಟರ್ ದೂರ ಟಾರ್ಚ್ ಇಟ್ಟು, ಬೆಳಕಿನ ನಟ್ಟನಡುವೆ ಲಕ್ಸ್ ಅಳೆಯಿರಿ. ಅದನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. ಎರಡೂ ಸಲ ಒಂದೇ ಲಕ್ಸ್ ಮೀಟರ್, ಪೂರ್ತಿ ಚಾರ್ಜ್ ಆದ ಅದೇ ಬ್ಯಾಟರಿ ಇರಲಿ.