ಇಂಗ್ಲಿಷ್ ಮಾರೋರು ಯಾರು, ಕೊಳ್ಳೋರು ಯಾರು

ನಮ್ಮ ಚಿಕ್ಕಪ್ಪನ ಮಗಳು ಬಿಎಸ್ಸಿ ನರ್ಸಿಂಗ್ ಮಾಡಿದಾಳೆ. ನಾಲ್ಕು ವರ್ಷ ಪಾಠ ಇಂಗ್ಲಿಷಲ್ಲೇ, ಎಕ್ಸಾಮ್ ಇಂಗ್ಲಿಷಲ್ಲೇ, ಈಗ ವಾರ್ಡಲ್ಲಿ ಕೇಸ್ ಶೀಟ್ ಬರೆಯೋದೂ ಇಂಗ್ಲಿಷಲ್ಲೇ. ಆದ್ರೂ ಯುಕೆಗೆ ಹೋಗ್ಬೇಕು ಅಂದ್ರೆ ಇಂಗ್ಲಿಷ್ ಬರುತ್ತೆ ಅಂತ ಮತ್ತೆ ಪ್ರೂವ್ ಮಾಡ್ಬೇಕು. ಅವಳು ಆರಿಸ್ಕೊಂಡಿದ್ದು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ, ಯುಕೆಯ ನರ್ಸಿಂಗ್ ಕೌನ್ಸಿಲ್ ರೂಲ್ ಪ್ರಕಾರ ಕೇಳೋದು, ಓದೋದು, ಮಾತಾಡೋದು ಈ ಮೂರ್ರಲ್ಲೂ 7 ಬ್ಯಾಂಡ್ (ಅಂದ್ರೆ ಸ್ಕೋರ್) ಬರಬೇಕು, ರೈಟಿಂಗಲ್ಲಿ 6.5. ಮೊದಲು ರೈಟಿಂಗಿಗೂ 7 ಇತ್ತು, 2018ರ ಕೊನೇಲಿ ಅರ್ಧ ಇಳಿಸಿದ್ರು. ಇವಳಿಗೆ ಎರಡು ಸಲಾನೂ ರೈಟಿಂಗಲ್ಲಿ 6. ಸ್ಪೀಕಿಂಗಲ್ಲಿ ಕಾರ್ಡ್ ಕೊಟ್ಟು ಒಂದು ನಿಮಿಷ ಯೋಚಿಸೋಕೆ ಬಿಟ್ಟು ಎರಡು ನಿಮಿಷ ಮಾತಾಡಿಸ್ತಾರಲ್ಲ, ಅದರಲ್ಲಿ ಆರಾಮಾಗಿ ಪಾಸು, ಬರೆಯೋಕೆ ಕೂತ್ರೆ ಮಾತ್ರ ಅದೇ ಅರ್ಧ ಬ್ಯಾಂಡ್ ಕೈಕೊಡುತ್ತೆ.

ಒಂದು ಸಲ ಬರೆಯೋಕೆ ಫೀಸು 18 ಸಾವಿರದ ಹತ್ತಿರ ಹೋಗುತ್ತೆ, ಸ್ಕೋರ್ ಕಾರ್ಡಿನ ಆಯಸ್ಸು 2 ವರ್ಷ. ಬೆಂಗಳೂರಲ್ಲಿ ಒಂದು ಕೋಚಿಂಗ್ ಸೆಂಟರ್ ಸೇರಿದ್ಲು, ಅಲ್ಲಿ ಜೆರಾಕ್ಸ್ ಮಾಡಿದ ರೆಡಿಮೇಡ್ ಪ್ರಬಂಧ ಕೊಟ್ಟು ಬಾಯಿಪಾಠ ಮಾಡಿ ಅಂದ್ರಂತೆ, ಮೂವತ್ತು ಜನರದ್ದೂ ಮೊದಲನೇ ಸಾಲು ಒಂದೇ! ಆಮೇಲೆ ಹಾಸನಕ್ಕೆ ವಾಪಸ್ ಬಂದು ರಿಟೈರ್ ಆಗಿರೋ ಹೈಸ್ಕೂಲ್ ಮೇಷ್ಟ್ರೊಬ್ಬರ ಹತ್ರ ಹೋಗ್ತಿದಾಳೆ. ತಿಂಗಳಿಗೆ 2 ಸಾವಿರ. ದಿನಾ ಸಂಜೆ ಜಗಲಿ ಮೇಲೆ ಕೂತು ಒಂದು ಪತ್ರ ಬರೆಸಿ ಕೆಂಪು ಇಂಕಲ್ಲಿ ತಿದ್ದಿ ಕೊಡ್ತಾರೆ. ಅಂದ್ರೆ ಒಂದು ತಿಂಗಳು ಕೂತು ಕಲಿಸಿದವರಿಗೆ 2 ಸಾವಿರ, ಒಂದು ದಿನ ಅಳೆದು ನಂಬರ್ ಕೊಟ್ಟವರಿಗೆ 18 ಸಾವಿರ. ಈ ಲೆಕ್ಕ ತಲೇಲಿಟ್ಕೊಂಡು ಓದಿ, ಯಾಕಂದ್ರೆ "ಇಂಗ್ಲಿಷ್ ಕಲಿಸೋದ್ರಲ್ಲಿ ಇಂಡಿಯಾಗೆ ಭಾರೀ ಎಕ್ಸ್‌ಪೋರ್ಟ್ ಚಾನ್ಸ್ ಇದೆ" ಅಂತ ಹೇಳೋರೆಲ್ಲ ಮರೆಯೋದು ಇದನ್ನೇ.

ಎಕ್ಸ್‌ಪೋರ್ಟ್ ಅಂದ್ರೆ ಹಡಗಲ್ಲಿ ಕಾಫಿ ಮೂಟೆ ಹೋಗೋದೇ ಆಗ್ಬೇಕಿಲ್ಲ. ಸ್ಪೇನಿನ ಹುಡುಗ ಬೇಸಿಗೇಲಿ ಇಂಗ್ಲೆಂಡಿಗೆ ಬಂದು ನಾಲ್ಕು ವಾರ ಕ್ಲಾಸಿಗೆ ದುಡ್ಡು ಕಟ್ಟಿದ್ರೆ ಅದು ಬ್ರಿಟನ್ನಿನ ಎಕ್ಸ್‌ಪೋರ್ಟು, ಹಾಸನದ ಹುಡುಗಿ ಕಟ್ಟೋ ಎಕ್ಸಾಮ್ ಫೀಸಲ್ಲಿ ಹೊರಗೆ ಹೋಗೋ ಪಾಲೂ ಎಕ್ಸ್‌ಪೋರ್ಟೇ. ಇದೇನು ತಾನಾಗೇ ಬೆಳೆದಿದ್ದಲ್ಲ, ಕೂತು ಪ್ಲ್ಯಾನ್ ಮಾಡಿ ಕಟ್ಟಿದ ವ್ಯಾಪಾರ.

ಶುರು ಆಗಿದ್ದು ಮಾತ್ರ ನಗು ಬರೋ ಹಾಗೆ. ಹೊರಗಿನವರು ಇಂಗ್ಲಿಷ್ ಕಲಿತಿದಾರಾ ಅಂತ ನೋಡೋಕೆ ಕೇಂಬ್ರಿಡ್ಜಿನವರು 1913ರಲ್ಲಿ ಒಂದು ಪರೀಕ್ಷೆ ಮಾಡಿದ್ರು, ಒಟ್ಟು ಸುಮಾರು 12 ಗಂಟೆ, ಅದರಲ್ಲಿ ಫ್ರೆಂಚ್ ಜರ್ಮನ್ ಅನುವಾದ, ಉಚ್ಚಾರಣೆ, ಪ್ರಬಂಧ ಎಲ್ಲಾ ಇತ್ತು. ಬರೆದವರು 3 ಜನ. ಮೂರೂ ಜನ ಫೇಲು! ಅದೇ ಪರೀಕ್ಷೆ ಮುಂದೆ ಒಂದು ದೊಡ್ಡ ಉದ್ಯಮದ ಬೇರು ಆಗುತ್ತೆ ಅಂತ ಆಗ ಯಾರಿಗೆ ಅನ್ಸಿರುತ್ತೆ ಹೇಳಿ.

ಸರ್ಕಾರ ಕೈ ಹಾಕಿದ್ದು 1934ರಲ್ಲಿ, ಬ್ರಿಟಿಷ್ ಕೌನ್ಸಿಲ್ ಹುಟ್ಟಿದಾಗ. ಜರ್ಮನಿ, ಇಟಲಿ ತಮ್ಮ ಪ್ರಚಾರ ಜೋರಾಗಿ ಮಾಡ್ತಿದ್ದ ಕಾಲ ಅದು, ನಾವೂ ನಮ್ಮ ಭಾಷೆ ಸಂಸ್ಕೃತಿ ಇಟ್ಕೊಂಡು ಹೊರಗೆ ಹೋಗೋಣ ಅಂತ ಲೆಕ್ಕ. 1940ರಲ್ಲಿ ರಾಜಮುದ್ರೆ ಇರೋ ಚಾರ್ಟರ್ ಸಿಕ್ತು. 1943ರಲ್ಲಿ ಚರ್ಚಿಲ್ ಹಾರ್ವರ್ಡಿಗೆ ಹೋಗಿ, ಮುಂದಿನ ಸಾಮ್ರಾಜ್ಯಗಳು ಮನಸ್ಸಿನ ಸಾಮ್ರಾಜ್ಯಗಳು ಅಂತ ಭಾಷಣ ಮಾಡಿದ, ಅದೇ ಭಾಷಣದಲ್ಲಿ ಆಗ್ಡನ್ ಅನ್ನೋರು ಮಾಡಿದ್ದ 850 ಪದದ ಬೇಸಿಕ್ ಇಂಗ್ಲಿಷನ್ನೂ ಹೊಗಳಿದ. ಬೇಸಿಕ್ ಇಂಗ್ಲಿಷ್ ಹೇಳಿಕೊಳ್ಳೋ ಹಾಗೆ ಓಡಲಿಲ್ಲ, ಆದ್ರೆ ಐಡಿಯಾ ಉಳೀತು. ಯುದ್ಧ ಮುಗಿದು ಒಂದೊಂದೇ ವಸಾಹತು ಕೈಬಿಡ್ತಾ ಇದ್ದಾಗ, 1954ರಲ್ಲಿ ಬ್ರಿಟನ್ ಸರ್ಕಾರದ ಡ್ರೊಹಿಡಾ ಸಮಿತಿಯ ವರದಿ ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋದಕ್ಕೆ ಒತ್ತು ಕೊಡಿ ಅಂತ ಹೇಳ್ತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1953ರಲ್ಲಿ, ಜಾನ್ ಹೇಕ್ರಾಫ್ಟ್ ಅನ್ನೋರು ಹೆಂಡತಿ ಜೊತೆ ಸ್ಪೇನಿನ ಕಾರ್ಡೊಬಾದಲ್ಲಿ ಸಣ್ಣ ಸ್ಕೂಲ್ ತೆಗೆದ್ರು, ಅದೇ ಇಂಟರ್‌ನ್ಯಾಷನಲ್ ಹೌಸ್ ಅನ್ನೋ ಇಂಗ್ಲಿಷ್ ಸ್ಕೂಲುಗಳ ಸರಣಿ ಆಯ್ತು. ಅಲ್ಲಿಂದ ಲಂಡನ್ನಿಗೆ ಬಂದು 1962ರಲ್ಲಿ ಟೀಚರುಗಳಿಗೇ ಒಂದು ಶಾರ್ಟ್ ಕೋರ್ಸ್ ಶುರು ಮಾಡಿದ್ರು. ಈಗ ಪ್ರಪಂಚದ ಎಲ್ಲಾ ಕಡೆ ಕೇಳೋ ಸೆಲ್ಟಾ ಅನ್ನೋ ಇಂಗ್ಲಿಷ್ ಟೀಚರ್ ಸರ್ಟಿಫಿಕೇಟಿನ ಅಜ್ಜ ಆ ಕೋರ್ಸೇ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ತಿರುವು 1961, ಉಗಾಂಡಾದ ಮಕೆರೆರೆ. ಕಾಮನ್‌ವೆಲ್ತ್ ದೇಶಗಳಲ್ಲಿ ಇಂಗ್ಲಿಷ್ ಹೆಂಗೆ ಕಲಿಸ್ಬೇಕು ಅಂತ ಅಲ್ಲಿ ಒಂದು ಸಮ್ಮೇಳನ ಆಯ್ತು. ಅಲ್ಲಿಂದ ಗಟ್ಟಿಯಾದ ನಂಬಿಕೆಗಳು ನಿಮಗೂ ಗೊತ್ತಿರೋವೇ: ಇಂಗ್ಲಿಷನ್ನ ಇಂಗ್ಲಿಷಲ್ಲೇ ಕಲಿಸ್ಬೇಕು, ಇಂಗ್ಲಿಷ್ ತಾಯ್ನುಡಿ ಆದವನೇ ಬೆಸ್ಟ್ ಟೀಚರು, ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು, ಎಷ್ಟು ಜಾಸ್ತಿ ಕಲಿಸಿದ್ರೆ ಅಷ್ಟು ಒಳ್ಳೇದು, ಬೇರೆ ಭಾಷೆ ಮಧ್ಯ ಬಂದ್ರೆ ಇಂಗ್ಲಿಷ್ ಕೆಡುತ್ತೆ. ರಾಬರ್ಟ್ ಫಿಲಿಪ್ಸನ್ ಅನ್ನೋ ಭಾಷಾ ವಿದ್ವಾಂಸರು 1992ರಲ್ಲಿ ಇವೈದನ್ನೂ ಪಟ್ಟಿ ಮಾಡಿ, ಐದೂ ತಪ್ಪು ಕಲ್ಪನೆ ಅಂತ ವಾದ ಮಾಡಿದ್ರು. ಆದ್ರೆ ಅಷ್ಟರಲ್ಲಿ ಮೂವತ್ತು ವರ್ಷ ವ್ಯಾಪಾರ ನಡೆದೋಗಿತ್ತು. ನೋಡಿ, ಕನ್ನಡ ಮಾತಾಡಿದ್ರೆ ಫೈನ್ ಹಾಕೋ ಸ್ಕೂಲ್ ನಮ್ಮೂರಲ್ಲೂ ಇದ್ವಲ್ಲ, ಅದರ ಹಿಂದೆ ಇರೋದೂ ಇದೇ ನಂಬಿಕೆ. ಇದರಲ್ಲಿ ಎರಡನೇದು ಇದ್ಯಲ್ಲ, ತಾಯ್ನುಡಿಯವನೇ ಬೆಸ್ಟು ಅನ್ನೋದು, ಅದು ಪಾಠದ ಸಿದ್ಧಾಂತಕ್ಕಿಂತ ಮಾರ್ಕೆಟ್ಟಿನ ಬೇಲಿ ಆಗಿ ಜಾಸ್ತಿ ಕೆಲಸ ಮಾಡ್ತು.

ಬೇಲಿ ಅಂದಿದ್ದು ಸುಮ್ನೆ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಟೀಚರ್ ವೀಸಾ, ಇ-2 ಅಂತಾರೆ, ಅದು ಕೊಡೋದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶದವರಿಗೆ. 2010ರಲ್ಲಿ ಜಾರಿಗೆ ಬಂದ ಇಂಡಿಯಾ-ಕೊರಿಯಾ ಒಪ್ಪಂದದಲ್ಲಿ ನಮ್ಮವರಿಗೂ ಒಂದು ಸಣ್ಣ ಬಾಗಿಲು ತೆಗೆದ್ರು, ಅದೂ ಟೀಚರ್ ಟ್ರೇನಿಂಗ್ ಆಗಿರಬೇಕು, ಹುದ್ದೆ ಹೆಸರು ಸಹಾಯಕ ಇಂಗ್ಲಿಷ್ ಶಿಕ್ಷಕ. ಬಿಎಡ್ ಮಾಡಿ ಹತ್ತು ವರ್ಷ ಪಾಠ ಮಾಡಿದ ನಮ್ಮ ಮೇಡಂ ಅಲ್ಲಿ ಸಹಾಯಕಿ, ಯಾವುದೋ ಸಬ್ಜೆಕ್ಟಲ್ಲಿ ಡಿಗ್ರಿ ಮುಗಿಸಿ ನೇರ ವಿಮಾನ ಹತ್ತಿದ ಹುಡುಗ ಟೀಚರು!

ಈಗ ಬೆಂಗಳೂರಿನ ಕಥೆಗೆ ಬರ್ತೀನಿ, ನನಗೆ ಇದೇ ಇಷ್ಟ. ದಕ್ಷಿಣ ಭಾರತದ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡೋಕೆ 1963ರಲ್ಲಿ ಇಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆಯ್ತು, ಜ್ಞಾನಭಾರತಿ ಕಡೆ ಹೋದವರು ಬೋರ್ಡ್ ನೋಡಿರ್ತೀರಾ. ಆಗೆಲ್ಲ ಪಾಠ ಅಂದ್ರೆ ಒಂದು ವಾಕ್ಯದ ಮಾದರಿ ಹಿಡಿದು ಇಡೀ ಕ್ಲಾಸು ಕೋರಸ್ಸಲ್ಲಿ ಹೇಳೋದು, ಮೇಷ್ಟ್ರು ಪೆನ್ನು ಎತ್ತಿ ಹಿಡಿಯೋದು, ಮಕ್ಕಳು ಇದು ಪೆನ್ನು ಅನ್ನೋದು. ಮದರಾಸಿನ ಬ್ರಿಟಿಷ್ ಕೌನ್ಸಿಲಲ್ಲಿದ್ದ ಎನ್.ಎಸ್. ಪ್ರಭು ಅವರಿಗೆ ಇದು ಸರಿ ಬರಲಿಲ್ಲ. 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಕಡೆಯ ಮಾಮೂಲಿ ಶಾಲೆಗಳಲ್ಲಿ ಬೇರೆ ಥರ ಪ್ರಯೋಗ ಮಾಡಿದ್ರು. ವ್ಯಾಕರಣ ಪಾಠ ಇಲ್ಲ, ವಾಕ್ಯ ಬಾಯಿಪಾಠ ಇಲ್ಲ. ಬೋರ್ಡ್ ಮೇಲೆ ರೈಲ್ವೆ ಟೈಮ್‌ಟೇಬಲ್ ಬರೆಯೋದು, ಮಧ್ಯಾಹ್ನದೊಳಗೆ ಊರು ಸೇರ್ಬೇಕು ಅಂದ್ರೆ ಯಾವ ಗಾಡಿ ಹಿಡೀಬೇಕು ಅನ್ನೋ ಥರ ಪ್ರಶ್ನೆ ಕೇಳೋದು. ಇನ್ನೊಂದು ದಿನ ಮ್ಯಾಪು, ದಾರಿ ಹುಡುಕೋದು. ಮಗು ತಲೆ ಓಡಿಸೋದು ಗಾಡಿ ಹಿಡಿಯೋದರ ಬಗ್ಗೆ, ಇಂಗ್ಲಿಷ್ ಪಕ್ಕದಲ್ಲಿ ತಾನಾಗಿ ಮೆತ್ಕೊಳ್ಳುತ್ತೆ ಅನ್ನೋದು ಅವರ ನಂಬಿಕೆ.

ಇದಕ್ಕೆ ಪ್ರಪಂಚದಲ್ಲಿ ಬಿದ್ದ ಹೆಸರೇ ಬ್ಯಾಂಗಲೋರ್ ಪ್ರಾಜೆಕ್ಟ್. ಇವತ್ತು ಟಾಸ್ಕ್ ಇಟ್ಕೊಂಡು ಭಾಷೆ ಕಲಿಸೋ ವಿಧಾನ ಅಂತ ಜಪಾನಲ್ಲೂ ಬೆಲ್ಜಿಯಮ್ಮಲ್ಲೂ ಮಾತಾಡ್ತಾರಲ್ಲ, ಅದರ ಚರಿತ್ರೆ ಬರೆಯೋರು ಯಾರೂ ಬೆಂಗಳೂರನ್ನ ಬಿಟ್ಟು ಬರೆಯೋಕಾಗಲ್ಲ. ಪ್ರಭು ಅವರ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡಿಂದ ಬಂತು, ಅವರು ಆಮೇಲೆ ಸಿಂಗಪುರದಲ್ಲಿ ಪಾಠ ಮಾಡಿದ್ರು. ಐಡಿಯಾ ಬೆಳೆದಿದ್ದು ನಮ್ಮ ಮಕ್ಕಳ ಮಧ್ಯ, ಪ್ರಾಜೆಕ್ಟಿಗೆ ಬೆನ್ನಾಗಿ ನಿಂತಿದ್ದು ಬ್ರಿಟಿಷ್ ಸಂಸ್ಥೆ, ಪುಸ್ತಕ ಅಚ್ಚಾಗಿದ್ದು ಅಲ್ಲಿ, ಅದನ್ನ ಆಧರಿಸಿ ಕೋರ್ಸ್ ಮಾಡಿ ಮಾರಿದವರು ಬೇರೆ ಬೇರೆ ದೇಶದವರು. ಇತ್ತ ನಮ್ಮ ಬಹಳಷ್ಟು ಕ್ಲಾಸುಗಳಲ್ಲಿ ಪೆನ್ನು ಎತ್ತಿ ಹಿಡಿಯೋದು ಇನ್ನೂ ನಿಂತಿಲ್ಲ.

ನಮ್ಮ ಹಾಗೇ ತಾಯ್ನುಡಿಯವರಲ್ಲದೆ ಇದರಲ್ಲಿ ದುಡ್ಡು ಮಾಡಿದವರು ಫಿಲಿಪೀನ್ಸಿನವರು. ಅಲ್ಲಿಗೆ ಇಂಗ್ಲಿಷ್ ಬಂದಿದ್ದು ಹಡಗಲ್ಲಿ, ನಿಜವಾಗ್ಲೂ. 1901ರಲ್ಲಿ ಥಾಮಸ್ ಅನ್ನೋ ಹಡಗಲ್ಲಿ ಸುಮಾರು 500 ಜನ ಅಮೆರಿಕನ್ ಟೀಚರ್‌ಗಳು ಬಂದಿಳಿದ್ರು, ಅವರಿಗೆ ಥಾಮಸೈಟ್ಸ್ ಅಂತಾನೇ ಹೆಸರು ಬಿತ್ತು. ನೂರು ವರ್ಷ ಆದ್ಮೇಲೆ ಅವರ ಶಿಷ್ಯರ ಮೊಮ್ಮಕ್ಕಳು ಬೋರ್ಡ್ ತಿರುಗಿಸಿಟ್ರು: ಬಾಗಿಯೋ, ಸೆಬು ಊರುಗಳಲ್ಲಿ ಕೊರಿಯನ್ ಹುಡುಗರಿಗೆ ಊಟ ವಸತಿ ಸಮೇತ ಇಂಗ್ಲಿಷ್ ಸ್ಕೂಲು, ಒಬ್ಬ ಹುಡುಗನಿಗೆ ಒಬ್ಬ ಟೀಚರು, ಅಮೆರಿಕಕ್ಕೆ ಹೋಗೋದಕ್ಕಿಂತ ಎಷ್ಟೋ ಕಮ್ಮಿ ಖರ್ಚು. 2007ರಲ್ಲಿ ರೇರ್‌ಜಾಬ್ ಅನ್ನೋ ಜಪಾನಿ ಕಂಪನಿ ಮನಿಲಾ ಟೀಚರುಗಳನ್ನ ಟೋಕಿಯೋ ಆಫೀಸಿನವರಿಗೆ ಇಂಟರ್ನೆಟ್ಟಲ್ಲಿ 25 ನಿಮಿಷಕ್ಕೆ ಒಂದು ಕ್ಲಾಸ್ ಲೆಕ್ಕದಲ್ಲಿ ಜೋಡಿಸ್ತು. ಚೀನಾದ 51ಟಾಕ್ ಕಂಪನಿ ಕೂಡ ಫಿಲಿಪೀನ್ಸ್ ಟೀಚರುಗಳನ್ನೇ ನಂಬಿಕೊಂಡು ಬೆಳೀತು. ಆದ್ರೆ 2021ರ ಜುಲೈನಲ್ಲಿ ಚೀನಾ ಸರ್ಕಾರ ಟ್ಯೂಷನ್ ಕಂಪನಿಗಳ ಮೇಲೆ ಬಿಗಿ ಮಾಡಿ, ಹೊರದೇಶದಲ್ಲಿ ಕೂತಿರೋ ಟೀಚರುಗಳಿಂದ ಮಕ್ಕಳಿಗೆ ಪಾಠ ಮಾಡಿಸೋ ಹಾಗಿಲ್ಲ ಅಂದುಬಿಡ್ತು. ಅಮೆರಿಕನ್ ಟೀಚರುಗಳನ್ನ ಇಟ್ಕೊಂಡು ಮೆರೀತಿದ್ದ ವಿಐಪಿಕಿಡ್ ಕಂಪನಿ ಕುಸೀತು, 51ಟಾಕ್ ಚೀನಾ ಬಿಟ್ಟು ಬೇರೆ ದೇಶದ ಗಿರಾಕಿ ಹುಡುಕ್ಕೊಂಡು ಹೋಯ್ತು. ಒಂದೇ ದೇಶದ ಗಿರಾಕಿ ನಂಬ್ಕೊಂಡವರ ಪಾಡು ಇದು.

ಕ್ಲಾಸಿನ ವ್ಯಾಪಾರ ಹೀಗೆ ಏರಿ ಇಳಿದ್ರೆ, ಪರೀಕ್ಷೆ ವ್ಯಾಪಾರ ಮಾತ್ರ ಮೆತ್ತಗೆ ಬೆಳೀತಾನೇ ಇತ್ತು. ಅಮೆರಿಕದ ಟೋಫೆಲ್ 1964ರಲ್ಲಿ ಬಂತು, ಐಇಎಲ್‌ಟಿಎಸ್ 1989ರಲ್ಲಿ, ಅದರ ಒಡೆಯರು ಮೂರು ಜನ: ಬ್ರಿಟಿಷ್ ಕೌನ್ಸಿಲ್, ಕೇಂಬ್ರಿಡ್ಜ್, ಆಸ್ಟ್ರೇಲಿಯಾದ ಐಡಿಪಿ ಅನ್ನೋ ಕಂಪನಿ. ಮೊದಲು ಯೂನಿವರ್ಸಿಟಿ ಸೀಟಿಗೆ ಬೇಕಾಗಿದ್ದ ಸ್ಕೋರ್ ಆಮೇಲೆ ವೀಸಾಗೂ ಬೇಕಾಯ್ತು ನೋಡಿ, ಅಲ್ಲಿಂದ ಲಾಟರಿ ಹೊಡೀತು. 2018ರ ಹೊತ್ತಿಗೆ ವರ್ಷಕ್ಕೆ 30 ಲಕ್ಷಕ್ಕೂ ಮೇಲೆ ಪರೀಕ್ಷೆ. ಪಂಜಾಬಲ್ಲಂತೂ ಐಇಎಲ್‌ಟಿಎಸ್ ಮದುವೆ ಅಂತಾನೇ ಶುರು ಆಯ್ತು, ಹುಡುಗಿಗೆ ಬ್ಯಾಂಡ್ ಬಂದಿದ್ರೆ ಸಾಕು, ಹುಡುಗನ ಮನೆಯವರೇ ಅವಳ ಕೆನಡಾ ಫೀಸ್ ಕಟ್ಟಿ, ಅವಳ ಹಿಂದೆ ಗಂಡನ್ನೂ ಅಲ್ಲಿಗೆ ಕಳಿಸೋದು. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ಕೋವಿಡಲ್ಲಿ ಕೈ ಬರಿದಾಗಿದ್ದಾಗ ಇಂಡಿಯಾದಲ್ಲಿ ತನಗಿದ್ದ ಐಇಎಲ್‌ಟಿಎಸ್ ವ್ಯವಹಾರನ ಐಡಿಪಿಗೆ 13 ಕೋಟಿ ಪೌಂಡಿಗೆ ಮಾರ್ತು. ಆಗಿನ ರೇಟಲ್ಲಿ ಸುಮಾರು 1,300 ಕೋಟಿ ರೂಪಾಯಿ. ಯಾವುದೋ ಕಟ್ಟಡ, ಜಾಗಕ್ಕಲ್ಲ, ನಮ್ಮ ಹುಡುಗರು ಮುಂದೆ ಕಟ್ಟೋ ಫೀಸಿಗೆ ಕೊಟ್ಟ ಬೆಲೆ ಅದು.

ಆಮೇಲೆ ಕೆನಡಾ 2024ರಲ್ಲಿ ಸ್ಟೂಡೆಂಟ್ ವೀಸಾಗೆ ಮಿತಿ ಹಾಕ್ತು, ಬೇರೆಯವರೂ ಬಿಗಿ ಮಾಡಿದ್ರು, 2025ರ ಜೂನಲ್ಲಿ ಐಡಿಪಿ ಶೇರು ಒಂದೇ ದಿನದಲ್ಲಿ ಹತ್ತಿರ ಹತ್ತಿರ ಅರ್ಧ ಬಿತ್ತು. ಬ್ರಿಟನ್ನಿನ ಸ್ಕೂಲುಗಳಿಗೆ ಇನ್ನೊಂದು ಹೊಡೆತ ಬಿದ್ದಿತ್ತು, ಬ್ರೆಕ್ಸಿಟ್ ಆದ್ಮೇಲೆ 2021ರ ಅಕ್ಟೋಬರಿಂದ ಯುರೋಪಿನ ಮಕ್ಕಳು ಐಡಿ ಕಾರ್ಡಲ್ಲಿ ಒಳಗೆ ಬರೋ ಹಾಗಿಲ್ಲ, ಪಾಸ್‌ಪೋರ್ಟೇ ಬೇಕು. ಇಂಗ್ಲಿಷ್ ಕಲಿಸೋ ಸ್ಕೂಲುಗಳಿರೋ ಮಾಲ್ಟಾ, ಐರ್ಲೆಂಡಿಗೆ ಅದೇ ಹಬ್ಬ.

ನಮ್ಮ ಎಕ್ಸ್‌ಪೋರ್ಟ್ ಏನೂ ಇಲ್ವಾ ಅಂದ್ರೆ ಇದೆ, ಲೆಕ್ಕ ಇಡೋರಿಲ್ಲ ಅಷ್ಟೇ. ಇಥಿಯೋಪಿಯಾದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲಿ ಪಾಠ ಮಾಡಿದ್ದು ನಮ್ಮವರು, ಜಾಸ್ತಿ ಕೇರಳದವರು. ಭೂತಾನಲ್ಲೂ ಹಾಗೇ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ವಿಯೆಟ್ನಾಂ ಈ ನಾಲ್ಕು ಕಡೆ ಭಾರತ ಸರ್ಕಾರ ಇಂಗ್ಲಿಷ್ ತರಬೇತಿ ಕೇಂದ್ರ ಕಟ್ಟಿಕೊಡ್ತು, ಹೈದರಾಬಾದಿನ ಇಂಗ್ಲಿಷ್ ಯೂನಿವರ್ಸಿಟಿ ಅದರ ಹಿಂದಿತ್ತು. ಮೈಸೂರಿಗೆ ಇರಾನ್, ಯೆಮೆನ್ ಕಡೆಯಿಂದ ಓದೋಕೆ ಬಂದವರು ಮೊದಲು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕ್ತಿದ್ದಿದ್ದು ಅಲ್ಲಿ ಓದಿದವರಿಗೆಲ್ಲ ನೆನಪಿರುತ್ತೆ.

ಲಂಡನ್ ಉಚ್ಚಾರಣೆ ಮಾರೋಕೆ ನಾವು ಹೋಗೋದು ದಂಡ, ಆ ಅಂಗಡಿ ಅವರದ್ದೇ. ಆದ್ರೆ 60 ಮಕ್ಕಳಿರೋ ಕ್ಲಾಸಲ್ಲಿ, ಮನೇಲಿ ಒಂದಕ್ಷರ ಇಂಗ್ಲಿಷ್ ಕೇಳದ ಮಕ್ಕಳಿಗೆ, ಮಧ್ಯ ಮಧ್ಯ ಅವರ ಭಾಷೇಲೇ ಹೇಳಿ ಕಲಿಸೋದು ನಮ್ಮ ಮೇಷ್ಟ್ರುಗಳಿಗೆ ಗೊತ್ತಿರೋ ಹಾಗೆ ಇಂಗ್ಲೆಂಡಿನ ಕೆಂಟ್‌ನವರಿಗೆ ಗೊತ್ತಿಲ್ಲ, ಆಫ್ರಿಕಾಗೆ ಬೇಕಾಗಿರೋದೂ ಅದೇ. ನರ್ಸುಗಳ ಇಂಗ್ಲಿಷೂ ಅಷ್ಟೇ, ಮಂಗಳೂರು ಬೆಂಗಳೂರಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜ್ ಇಟ್ಕೊಂಡು ವಾರ್ಡ್ ಇಂಗ್ಲಿಷಿಗೆ ಹೊರಗಿನವರು ಒಪ್ಪೋ ಹಾಗೆ ಒಂದು ನಮ್ಮದೇ ಕೋರ್ಸು, ನಮ್ಮದೇ ಪರೀಕ್ಷೆ ಕಟ್ಟಿ ನಿಲ್ಲಿಸೋಕೆ ಆಗಲಿಲ್ಲ. ಅದಕ್ಕೆ ವರ್ಷಗಟ್ಟಲೆ ಕೂತು ನಂಬಿಕೆ ಕಟ್ಟಬೇಕು, ಕೇಂಬ್ರಿಡ್ಜಿನವರು 3 ಜನ ಫೇಲ್ ಆದ್ಮೇಲೂ ಕೂತ ಹಾಗೆ.

ನಮ್ಮ ಹುಡುಗಿ ಮುಂದಿನ ತಿಂಗಳು ಮೂರನೇ ಸಲ ಬರೀತಾಳೆ. ಮೇಷ್ಟ್ರು ಈ ತಿಂಗಳದ್ದು ಬೇಡಮ್ಮ, ಪಾಸಾದ್ಮೇಲೆ ಕೊಡುವಂತೆ ಅಂದಿದಾರೆ. ಎಕ್ಸಾಮಿನವರು ಮಾತ್ರ ಫೀಸ್ ಮೊದಲೇ ಕಟ್ಟಿಸ್ಕೊಂಡಿದಾರೆ.