ಮಂಕಾದ ಕಾರಿಗೆ ರಬ್ಬಿಂಗ್ ಕಾಂಪೌಂಡ್ ತರಿಸಬೇಕೇ, ಪಾಲಿಶ್ ಸಾಕೇ?

ಪ್ರಶ್ನೆ: ನನ್ನ ಕಾರು ಹಳೆಯದು. ಬಾನೆಟ್ ಮತ್ತು ಛಾವಣಿ ಮಂಕಾಗಿವೆ. ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ. ಆನ್‌ಲೈನ್‌ನಲ್ಲಿ ನೋಡಿದರೆ ಕಾಂಪೌಂಡ್, ಪಾಲಿಶ್, ಗ್ಲೇಜ್, ವ್ಯಾಕ್ಸ್ ಎಂದು ಹತ್ತಾರು ಬಾಟಲಿಗಳಿವೆ. ಯಾವುದನ್ನು ತರಿಸಲಿ?

ಉತ್ತರ: ಏನನ್ನಾದರೂ ತರಿಸುವ ಮೊದಲು ಕಾರನ್ನು ಚೆನ್ನಾಗಿ ತೊಳೆದು, ಒರೆಸಿ, ಗೀರಿನ ಮೇಲೆ ಅಡ್ಡಲಾಗಿ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಪೂರ್ತಿ ಹೋಗುವುದಿಲ್ಲ. ಅದರ ಆಸೆ ಬಿಡುವುದೇ ಒಳ್ಳೆಯದು. ಬಾನೆಟ್ ಮೇಲೆ ಬಿಳಿಚಿಕೊಂಡು ಸಿಪ್ಪೆ ಏಳುತ್ತಿದ್ದರೆ ಯಾವ ಬಾಟಲಿಯೂ ಬೇಡ. ಅಲ್ಲಿ ಮೇಲಿನ ಪದರವೇ ಸತ್ತಿದೆ, ಹೊಸದಾಗಿ ಬಣ್ಣ ಹೊಡೆಸಬೇಕು.

ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), ಅಷ್ಟೇ. ಕಾಂಪೌಂಡ್ ಆಗಲಿ ಪಾಲಿಶ್ ಆಗಲಿ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪದರವನ್ನು ಸವೆಸಿ ಸಮ ಮಾಡುತ್ತದೆ. ಕಾಂಪೌಂಡ್ ಹೆಚ್ಚು ಸವೆಸುತ್ತದೆ, ಪಾಲಿಶ್ ಕಡಿಮೆ. ಸವೆದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಮೊದಲೇ ಒರಟು ಕಾಂಪೌಂಡ್ ತರಿಸಿ ಎನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ನೀವು ಹೇಳುವ ಗೀರುಗಳಿಗೆ ಮಧ್ಯಮ ದರ್ಜೆಯ ಪಾಲಿಶ್‌ನ ಒಂದು ಸಣ್ಣ ಬಾಟಲಿ ತರಿಸಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಜಾಗದಲ್ಲಿ ಮಾತ್ರ ಪ್ರಯೋಗಿಸಿ. ಅದು ಸಾಲದೆ ಹೋದರೆ ಆಮೇಲೆ ಕಾಂಪೌಂಡ್‌ನ ಮಾತು.

ಬಾಟಲಿಯ ಮೇಲಿನ ಸಂಖ್ಯೆಯನ್ನು ನಂಬಿ ಎರಡು ಕಂಪನಿಗಳನ್ನು ಹೋಲಿಸಲು ಹೋಗಬೇಡಿ. ಮೆನ್ಜರ್ನಾದಲ್ಲಿ 400 ಒರಟು, 2500 ಮಧ್ಯಮ, 3500 ನುಣುಪು. ಇದನ್ನು ಕಲಿತವರು ಮೆಗ್ಯುಯರ್ಸ್‌ನ 205 ನೋಡಿ ಬೆಚ್ಚಬಹುದು; ಆದರೆ ಅದು ಕೊನೆಯ ಹೊಳಪಿಗೆ ಬಳಸುವ ನುಣುಪು ಪಾಲಿಶ್. ಅದೇ ಕಂಪನಿಯ 105 ಮಾತ್ರ ಒರಟು ಕಾಂಪೌಂಡ್. ಮರಳು ಕಾಗದಕ್ಕಿರುವಂಥ ಸಮಾನ ಅಳತೆ ಇಲ್ಲಿಲ್ಲ. ಎಷ್ಟು ಸವೆಸುತ್ತದೆ ಎಂದು ಆಯಾ ಕಂಪನಿಯೇ ಕೊಟ್ಟಿರುವ ವಿವರ ಓದಿ.

ಜನ ಬಾಟಲಿಗೆ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು, ಪಾಲಿಶ್ ಯಂತ್ರಕ್ಕೆ ಅಂಟಿಸುವ ಮೆತ್ತೆಯಾದ ಪ್ಯಾಡ್ ಅನ್ನು ಕಣ್ಣು ಮುಚ್ಚಿ ಆರಿಸುತ್ತಾರೆ. ಒಂದೇ ಪಾಲಿಶ್ ಉಣ್ಣೆಯ ಅಥವಾ ಮೈಕ್ರೋಫೈಬರ್ ಪ್ಯಾಡ್‌ನಲ್ಲಿ ಚೆನ್ನಾಗಿ ಸವೆಸುತ್ತದೆ, ಮೆತ್ತನೆಯ ಫೋಮ್ ಪ್ಯಾಡ್‌ನಲ್ಲಿ ನುಣುಪು ಕೊಡುತ್ತದೆ. ಪ್ಯಾಡ್‌ನ ಬಣ್ಣಕ್ಕೂ ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ. ಒಂದು ಕಾರಿಗೆ ಒಂದು ಪ್ಯಾಡ್ ಸಾಲದು: ಸವೆದ ಪುಡಿ ತುಂಬಿಕೊಂಡು ಬಿಸಿಯಾದ ಪ್ಯಾಡ್ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಹೊಸ ಗೀರೂ ಎಳೆಯಬಹುದು. ನಾಲ್ಕಾರು ತರಿಸಿ. ಪ್ಯಾಡ್ ಕೂರುವ ಯಂತ್ರದ ತಟ್ಟೆ ಪ್ಯಾಡ್‌ಗಿಂತ ತುಸು ಚಿಕ್ಕದಿರಬೇಕು. 5 ಇಂಚಿನ ತಟ್ಟೆಗೆ ಐದೂವರೆ ಇಂಚಿನ ಪ್ಯಾಡ್ ಹೊಂದುತ್ತದೆ. ಮೊದಲ ಸಲ ಮಾಡುವವರಿಗೆ, ಸುತ್ತುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆ್ಯಕ್ಷನ್ ಯಂತ್ರವೇ ಸುರಕ್ಷಿತ. ನೇರವಾಗಿ ಸುತ್ತುವ ರೋಟರಿ ಯಂತ್ರ ಬಾನೆಟ್ ಅಂಚಿನಲ್ಲಿ ಕ್ಷಣ ಹೆಚ್ಚು ನಿಂತರೂ ಬಣ್ಣ ಸುಟ್ಟುಬಿಡಬಲ್ಲದು.

ಗ್ಲೇಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಗೀರನ್ನು ತುಂಬಿ ಮರೆಮಾಡುತ್ತದೆ, ಕೆಲವು ಸಲ ತೊಳೆದ ಮೇಲೆ ಗೀರು ಮತ್ತೆ ಕಾಣುತ್ತದೆ. ಪಾಲಿಶ್‌ನ ಎಣ್ಣೆಯೂ ಹೀಗೆಯೇ ಮೋಸ ಮಾಡಬಹುದು. ಆದ್ದರಿಂದ ಪ್ರಯೋಗದ ಜಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಫಲಿತಾಂಶ ನೋಡಿ. ವ್ಯಾಕ್ಸ್ ಬೇಕು, ಆದರೆ ಕೊನೆಗೆ: ಅದು ಬಂದ ಹೊಳಪನ್ನು ಕಾಯುತ್ತದೆ, ಹೋದ ಹೊಳಪನ್ನು ತರುವುದಿಲ್ಲ.

ಅದೇ ಆರ್ಡರಿನಲ್ಲಿ ಕ್ಲೇ ಬಾರ್ (ಜೇಡಿಮಣ್ಣಿನಂಥ ಮೆತ್ತನೆಯ ತುಂಡು), ಐದಾರು ಮೈಕ್ರೋಫೈಬರ್ ಬಟ್ಟೆ ಮತ್ತು ಮಾಸ್ಕಿಂಗ್ ಟೇಪ್ ಸೇರಿಸಿಕೊಳ್ಳಿ. ತೊಳೆದರೂ ಹೋಗದ ಕಣಗಳನ್ನು ಕ್ಲೇ ತೆಗೆಯದಿದ್ದರೆ ಪ್ಯಾಡ್ ಅವನ್ನೇ ಎಳೆದಾಡಿ ಗೀರು ಮಾಡುತ್ತದೆ. ಟೇಪ್ ಬಳಸಬೇಕಾದದ್ದು ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ. ಆ ಪಟ್ಟಿಗಳ ಸಂದಿಯಲ್ಲಿ ಪಾಲಿಶ್ ಒಣಗಿದರೆ ಉಳಿಯುವ ಬಿಳಿ ಕಲೆಯನ್ನು ತಿಕ್ಕಿ ತೆಗೆಯಲು ಬಾನೆಟ್ ಪಾಲಿಶ್ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು.