ನಮ್ಮಿಬ್ಬರಿಗೂ ಏನೂ ಇಲ್ಲ, ಮಗುವಿಗೆ ಈ ಕಾಯಿಲೆ ಎಲ್ಲಿಂದ ಬಂತು?

ಪ್ರಶ್ನೆ: ಮಗುವಿಗೆ ಎರಡನೇ ವಾರದಲ್ಲಿ ಗ್ಯಾಲಕ್ಟೊಸೀಮಿಯಾ (ಹಾಲಿನ ಸಕ್ಕರೆಯಲ್ಲಿರುವ ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಕಾಯಿಲೆ) ಅಂತ ಗೊತ್ತಾಯಿತು. ಇದು ವಂಶದಿಂದ ಬರುವ ಕಾಯಿಲೆ ಅಂತಾರೆ. ಆದರೆ ನನ್ನ ಕಡೆಯಾಗಲಿ, ನನ್ನ ಗಂಡನ ಕಡೆಯಾಗಲಿ ಯಾರಿಗೂ ಇಂಥದ್ದಿಲ್ಲ. ಬಸುರಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನಾ?

ಇಲ್ಲ. ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ನಂಬಿ. ನೀವು ತಿಂದದ್ದರಿಂದ, ತಿನ್ನದೆ ಬಿಟ್ಟದ್ದರಿಂದ, ಜಾಸ್ತಿ ಓಡಾಡಿದ್ದರಿಂದ ಬರುವ ಕಾಯಿಲೆಯೇ ಅಲ್ಲ ಇದು.

ನಮ್ಮ ಹೆಚ್ಚಿನ ಜೀನ್‌ಗಳು ಜೋಡಿಯಾಗಿರುತ್ತವೆ. ಒಂದು ಅಮ್ಮನದು, ಇನ್ನೊಂದು ಅಪ್ಪನದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ, ಹಾಗಾಗಿ ನಿಮಗೂ ನಿಮ್ಮ ಗಂಡನಿಗೂ ಏನೂ ಗೊತ್ತಾಗಲಿಲ್ಲ. ಇಂಥವರನ್ನು ವಾಹಕರು ಅನ್ನುತ್ತಾರೆ. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ಅಂತ ಆ ಕೆಟ್ಟ ಜೀನ್ ತಲೆಮಾರುಗಟ್ಟಲೆ ಸುಮ್ನೆ ಸಾಗಿ ಬಂದಿರುತ್ತದೆ, ಯಾರಿಗೂ ಕಾಯಿಲೆ ಬಾರದೆ. ಅದೇ ಜೀನ್ ಕೆಟ್ಟಿರುವ ಇಬ್ಬರು ಸೇರಿದಾಗ, ಇಬ್ಬರಿಂದಲೂ ಕೆಟ್ಟದ್ದೇ ಮಗುವಿಗೆ ಸಿಕ್ಕಾಗ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ರಕ್ತಸಂಬಂಧಿಗಳಲ್ಲಿ ಇದರ ಸಾಧ್ಯತೆ ಜಾಸ್ತಿ, ಆದರೆ ಯಾವ ಸಂಬಂಧವೂ ಇಲ್ಲದ ದಂಪತಿಗಳಲ್ಲೂ ಆಗುತ್ತದೆ.

ಎಲ್ಲ ಕಾಯಿಲೆಗಳೂ ಇದೇ ದಾರಿಯಲ್ಲಿ ಬರುವುದಿಲ್ಲ. ಓಟಿಸಿ ಕೊರತೆಯಲ್ಲಿ (ಅಮೋನಿಯಾ ತೆಗೆದುಹಾಕಲು ಬೇಕಾದ ಒಂದು ಕಿಣ್ವ ಕಡಿಮೆಯಾಗುವ ಕಾಯಿಲೆ) ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡುಮಕ್ಕಳಿಗೆ ಎಕ್ಸ್ ಇರುವುದು ಒಂದೇ, ಅದಕ್ಕೇ ಅವರಿಗೆ ಪೆಟ್ಟು ಜೋರು. ಹುಟ್ಟಿದ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಅಮೋನಿಯಾ ಏರಿಬಿಡಬಹುದು. ಲಿವರಿನಲ್ಲಿ ಪಿತ್ತನಾಳಗಳು ಕಡಿಮೆ ಇರುವ ಅಲಾಜಿಲ್ ಸಿಂಡ್ರೋಮಿಗೆ ಜೀನಿನ ಒಂದೇ ಕೆಟ್ಟ ಪ್ರತಿ ಸಾಕು, ಎಷ್ಟೋ ಸಲ ಅದು ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

"ಹುಟ್ಟಿದಾಗ ಚೆನ್ನಾಗೇ ಇತ್ತಲ್ಲ" ಅಂತ ಎಲ್ಲರೂ ಕೇಳುತ್ತಾರೆ. ಇತ್ತು, ನಿಜ. ಹೊಟ್ಟೆಯಲ್ಲಿದ್ದಾಗ ಬೇಡದ್ದನ್ನು ಬಹುಪಾಲು ತಾಯಿಯ ದೇಹವೇ ತೆಗೆದುಹಾಕುತ್ತಿರುತ್ತದೆ. ಹುಟ್ಟಿದ ಮೇಲೆ ಹಾಲು ಕುಡಿಯಲು ಶುರು ಮಾಡಿದಾಗ ಆ ಕೆಲಸ ಮಗುವಿನ ಲಿವರ್ ಮೇಲೆ ಬೀಳುತ್ತದೆ. ಹಾಲಿನ ಸಕ್ಕರೆಯಲ್ಲಿ ಅರ್ಧ ಗ್ಯಾಲಕ್ಟೋಸ್. ಅದನ್ನು ಮುಂದಕ್ಕೆ ಪರಿವರ್ತಿಸುವ ಕಿಣ್ವ ಇಲ್ಲದಿದ್ದರೆ ಅರೆಬರೆ ಉಳಿದ ಪದಾರ್ಥ ಸೇರಿಕೊಂಡು ಲಿವರ್ ಹಾಳಾಗುತ್ತದೆ, ಕಾಮಾಲೆ, ವಾಂತಿ, ಕಣ್ಣಿನಲ್ಲಿ ಪೊರೆ, ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಎಲ್ಲ ಬರಬಹುದು. "ನನ್ನ ಹಾಲೇ ವಿಷವಾಯಿತಾ" ಅಂತ ಅಳುವ ತಾಯಂದಿರಿದ್ದಾರೆ. ನಿಮ್ಮ ಹಾಲಿನಲ್ಲಿ ಯಾವ ದೋಷವೂ ಇಲ್ಲ. ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಒಗ್ಗದ ವಂಶದ ಕಾಯಿಲೆ ಇದ್ದ ಮಗುವಾಗಿದ್ದರೆ ಇದೇ ಎದೆಹಾಲು ಕುಡಿದು ಆರಾಮಾಗಿರುತ್ತಿತ್ತು, ಹಣ್ಣು, ಸಕ್ಕರೆ ಕೊಡಲು ಶುರು ಮಾಡಿದ ಮೇಲೆ ಕಷ್ಟ ಪಡುತ್ತಿತ್ತು.

ಈಗ ಎದೆಹಾಲು ನಿಲ್ಲಿಸಿ ಸೋಯಾ ಫಾರ್ಮುಲಾ (ಸೋಯಾದಿಂದ ಮಾಡಿದ ಮಗುವಿನ ಹಾಲಿನ ಪುಡಿ) ಕೊಡುತ್ತಿರಬೇಕು. ಅದರಿಂದ ಲಿವರ್ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಮುಚ್ಚಿಡಬಾರದ ಮಾತೊಂದಿದೆ: ಪಥ್ಯ ಎಷ್ಟೇ ಸರಿಯಾಗಿ ಮಾಡಿದರೂ ಕೆಲವು ಮಕ್ಕಳಿಗೆ ಮಾತು ತಡವಾಗುತ್ತದೆ, ಹೆಣ್ಣುಮಕ್ಕಳಲ್ಲಿ ಅಂಡಾಶಯದ ತೊಂದರೆ ಕಾಣಿಸಬಹುದು. ಹಾಗಾದರೆ ಅದೂ ನಿಮ್ಮ ತಪ್ಪಲ್ಲ. ಮಗು ಚೆನ್ನಾಗಿದೆ ಅನ್ನಿಸಿದರೂ ತಪಾಸಣೆ ಮಾತ್ರ ಬಿಡಬೇಡಿ.

ಇನ್ನು ಮುಂದಿನ ಮಗುವಿನ ಮಾತು. ಗ್ಯಾಲಕ್ಟೊಸೀಮಿಯಾದಲ್ಲಿ ಪ್ರತಿ ಬಸಿರಿಗೂ 4ರಲ್ಲಿ 1ರಷ್ಟು ಸಾಧ್ಯತೆ ಇದೆ. "ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ" ಅಂತ ಯಾರಾದರೂ ಸಮಾಧಾನ ಹೇಳಿದರೆ ಅದು ತಪ್ಪು ಲೆಕ್ಕ, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಈಗಲೇ ಮಗುವಿನ ಜೀನ್ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ, ಯಾವ ಬದಲಾವಣೆ ಅಂತ ಗೊತ್ತಿದ್ದರೆ ಮಾತ್ರ ಮುಂದಿನ ಬಸಿರಿನಲ್ಲಿ 11ನೇ ವಾರದ ಹೊತ್ತಿಗೆ ಅದನ್ನೇ ಹುಡುಕಲು ಆಗುತ್ತದೆ. ಆ ಪರೀಕ್ಷೆ ಬೇಡ ಅನ್ನಿಸಿದರೆ, ಹೆರಿಗೆಗೆ ಮುಂಚೆಯೇ ಆಸ್ಪತ್ರೆಯವರಿಗೆ ಹೇಳಿಡಿ. ಹುಟ್ಟಿದ ಕೂಡಲೇ ರಕ್ತ ತೆಗೆದು ಕಳಿಸಿ, ಫಲಿತಾಂಶ ಬರುವ ತನಕ ಮಗುವಿಗೆ ಸೋಯಾ ಫಾರ್ಮುಲಾ ಕೊಡುತ್ತಾರೆ. ಅಷ್ಟು ದಿನ ನಿಮ್ಮ ಹಾಲನ್ನು ಹಿಂಡಿ ತೆಗೆಯುತ್ತಿರಿ, ಬತ್ತಲು ಬಿಡಬೇಡಿ. ಮಗುವಿಗೆ ಕಾಯಿಲೆ ಇಲ್ಲ ಅಂತ ಬಂದರೆ ಅವತ್ತೇ ಎದೆಗೆ ಹಾಕಿಕೊಳ್ಳಬಹುದು.